‘ಸ್ಥೂಲಕಾಯ’, ‘ಬೊಜ್ಜು’, ‘ದಪ್ಪ’: ಕರಪತ್ರದಲ್ಲಿ ಯಾವುದನ್ನು ಹಾಕಲಿ?

ಎಲ್ಲರಿಗೂ ನಮಸ್ಕಾರ,

ಆರೋಗ್ಯದ ಕರಪತ್ರಗಳನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಕೆಲಸ. ಎರಡು ವಾರದಿಂದ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಒಬೆಸಿಟಿಗೆ ಏನನ್ನೋಣ?

ಇದು ತಲೆಗೆ ಹತ್ತಿದ್ದು ನಮ್ಮ ಸೋದರತ್ತೆಯಿಂದ. ಊರಲ್ಲಿ ಆರೋಗ್ಯ ತಪಾಸಣೆ ಶಿಬಿರ ಇತ್ತು. ಅತ್ತೆ ಐದಡಿ ಒಂದಿಂಚು, 74 ಕಿಲೋ. ಬಿಪಿ ಸರಿ, ಶುಗರ್ ಸರಿ. ಚೀಟಿಯ ಕೊನೆಯಲ್ಲಿ ಮಾತ್ರ ‘ಸ್ಥೂಲಕಾಯ’ ಅಂತ ಬರೆದಿತ್ತು. ಇವತ್ತಿಗೂ ತೋಟದಿಂದ ಸೋಗೆ ಹೊರೆ ಹೊತ್ತು ತರುವ ಹೆಂಗಸು ಅವರು. ಚೀಟಿಯನ್ನು ನನ್ನ ಕೈಗಿಟ್ಟು, ‘ಇದ್ಯಾವ ಕಾಯಿಲೆ ಕಣೋ? ದಪ್ಪ ಇದೀನಿ ಅಂತ ನಂಗೇ ಗೊತ್ತು, ಕಾಯಿಲೆ ಇದ್ಯಾ ಅದನ್ನ ಹೇಳು’ ಅಂದರು.

ಅವರ ಮಾತಿನಲ್ಲೇ ಎರಡೂ ಬೇರೆಯಾಗಿವೆ, ನೋಡಿ. ದಪ್ಪ ಅಂದರೆ ಗಾತ್ರ, ಅಷ್ಟೇ. ದಪ್ಪ ಅಕ್ಕಿ, ದಪ್ಪ ಮೆಣಸಿನಕಾಯಿ ಅನ್ನುವಾಗ ಯಾರಿಗೂ ಕಾಯಿಲೆ ನೆನಪಾಗುವುದಿಲ್ಲ. ಬೊಜ್ಜು ಹಾಗಲ್ಲ. ಅದು ಮೈಗೆ ಸೇರಿಕೊಂಡ ಕೊಬ್ಬು, ಅದೂ ಹೆಚ್ಚಾಗಿ ಹೊಟ್ಟೆ ಸುತ್ತ. ‘ಬೊಜ್ಜು ಬಂದಿದೆ’ ಅನ್ನುವಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ, ಅಲ್ವಾ? ಕೊಬ್ಬು ಅಂತಲೇ ಬರೆಯೋಣ ಅಂದರೆ ‘ಕೊಬ್ಬಿದವನು’ ಬೈಗುಳ ಆಗಿಬಿಟ್ಟಿದೆ. ‘ಮೈಕೈ ತುಂಬಿಕೊಂಡಿದ್ದಾಳೆ’ ಮೆಚ್ಚುಗೆ. ಇನ್ನು ಸ್ಥೂಲ: ಚರಕಸಂಹಿತೆ ಜನ ನಿಂದಿಸುವ ಎಂಟು ಬಗೆಯ ಮೈಗಳನ್ನು ಹೆಸರಿಸುತ್ತದೆ. ತೀರಾ ಸ್ಥೂಲ ಅದರಲ್ಲೊಂದು, ತೀರಾ ಕೃಶವೂ ಒಂದು. ಆ ಪದಕ್ಕೆ ನಿಂದೆ ಅಂಟಿಕೊಂಡಿದ್ದು ಇವತ್ತಲ್ಲ.

ನನ್ನ ಒಲವು ಬೊಜ್ಜಿನ ಕಡೆಗೆ. ಕಾರಣ ಇದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಕ್ಕಪಕ್ಕ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ನೂರಕ್ಕೆ 9.1, ಯಾಜ್ಞಿಕ್ ಅವರಿಗೆ 21.2. ನೋಡೋಕೆ ತೆಳ್ಳಗಿದ್ದೂ ಒಳಗೆ ಕೊಬ್ಬು ಜಾಸ್ತಿ ಇರಬಹುದು. ಬೇರೆ ಕಡೆ ಬಿಎಂಐ 30ಕ್ಕೆ ಎಳೆಯುವ ಒಬೆಸಿಟಿಯ ಗೆರೆಯನ್ನು ನಮ್ಮ ವೈದ್ಯರು 25ಕ್ಕೇ ಎಳೆಯುವುದು ಇದಕ್ಕೇ. ‘ದಪ್ಪ’ ಅಂದರೆ ಇಂಥವರು ತಪ್ಪಿಹೋಗುತ್ತಾರೆ. ‘ಬೊಜ್ಜು’ ಅವರನ್ನೂ ಮುಟ್ಟುತ್ತದೆ.

ಈಗ ನಿಜವಾದ ತೊಡಕು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ನೇಮಿಸಿದ್ದ ತಜ್ಞರ ತಂಡ ಒಬೆಸಿಟಿಯನ್ನು ಎರಡಾಗಿ ಬಿಡಿಸಿತು. ಅಂಗಾಂಗಗಳ ಕೆಲಸವೋ ದಿನದ ಓಡಾಟವೋ ಕೆಟ್ಟಿದ್ದರೆ ಕ್ಲಿನಿಕಲ್. ಕೊಬ್ಬು ಜಾಸ್ತಿ ಇದ್ದೂ ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಪ್ರಿಕ್ಲಿನಿಕಲ್. ಮೊದಲನೆಯದಕ್ಕೆ ‘ಬೊಜ್ಜಿನ ಕಾಯಿಲೆ’ ಅಂತ ಬರೆದುಕೊಂಡಿದ್ದೇನೆ. ಎರಡನೆಯದಕ್ಕೆ ‘ಆರೋಗ್ಯಕರ ಬೊಜ್ಜು’ ಅಂತ ಯಾರೋ ಸೂಚಿಸಿದರು. ಅದು ಬೇಡವೇ ಬೇಡ. ಆರೋಗ್ಯಕರ ಅಂದರೆ ಆರೋಗ್ಯ ತರುವಂಥದ್ದು. ಬೊಜ್ಜು ಅದನ್ನು ತರುವುದಿಲ್ಲ.

ನನಗೆ ಹೊಳೆದದ್ದು ‘ಇನ್ನೂ ಕಾಡದ ಬೊಜ್ಜು’. ಅತ್ತೆಗೂ ‘ಕಾಯಿಲೆ ಇನ್ನೂ ಬಂದಿಲ್ಲ ಅತ್ತೆ’ ಅಂತಲೇ ಹೇಳಿದ್ದೆ. ಅವರು ಪಟ್ಟನೆ, ‘ಇನ್ನೂ ಅಂದ್ರೆ ಏನೋ?’ ಅಂದರು. ಬ್ರಿಟನ್ನಿನ 35 ಲಕ್ಷ ಜನರ ದಾಖಲೆ ನೋಡಿ 2017ರಲ್ಲಿ ಬಂದ ಅಧ್ಯಯನದಲ್ಲಿ ಆ ‘ಇನ್ನೂ’ಗೆ ಉತ್ತರ ಇದೆ. ಬಿಪಿ, ಶುಗರ್, ಕೊಲೆಸ್ಟರಾಲ್ ಮೂರೂ ಸರಿ ಇದ್ದ ಬೊಜ್ಜಿನವರಿಗೂ, ಅಷ್ಟೇ ಚೆನ್ನಾಗಿದ್ದ ಸಾಧಾರಣ ತೂಕದವರಿಗಿಂತ ಮುಂದೆ ಹೃದಯದ ತೊಂದರೆ ಜಾಸ್ತಿ ಕಂಡಿತ್ತು. ಹಾಗಂತ ಅತ್ತೆ ಇವತ್ತು ರೋಗಿ ಅಲ್ಲ. ಎರಡೂ ನಿಜ. ಎರಡನ್ನೂ ಹೊರುವ ಪದ ಬೇಕು.

‘ಕಾಡದ’ ಅನ್ನುವುದು ದೆವ್ವದ ಮಾತಿನ ಹಾಗೆ ಕೇಳುತ್ತದಾ? ‘ಇನ್ನೂ ತೊಂದರೆ ಕೊಡದ ಬೊಜ್ಜು’ ಸಲೀಸಾ? ಧಾರವಾಡ, ಮಂಗಳೂರು ಕಡೆಯವರು ಮನೆಯಲ್ಲಿ ಏನನ್ನುತ್ತೀರಿ, ಬೈಗುಳ ಅಲ್ಲದ ಮಾತು ಯಾವುದಿದೆ, ದಯವಿಟ್ಟು ಬರೆಯಿರಿ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗಬೇಕು.