ನಲಿ-ಕಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಟೀಚರ್‌ಗೆ ಅಂತಾನೇ ಇರೋ ಪುಸ್ತಕ ಯಾವ್ದಾದ್ರೂ ಇದ್ಯಾ?

ಮಲೆನಾಡು_ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ದು ಇಬ್ರೇ ಶಿಕ್ಷಕರಿರೋ ಕಿರಿಯ ಪ್ರಾಥಮಿಕ ಶಾಲೆ, ಒಂದು ಎರಡು ಮೂರನೇ ಕ್ಲಾಸಿನ 19 ಮಕ್ಕಳು ಒಂದೇ ನಲಿ-ಕಲಿ ರೂಮಲ್ಲಿ ಕೂರ್ತಾರೆ, ಆ ರೂಮ್ ನಂದು. ಕನ್ನಡ ಗಣಿತ ಪರಿಸರ ಎಲ್ಲಾ ಚೆನ್ನಾಗೇ ನಡೀತದೆ, ಇಂಗ್ಲಿಷ್ ಪೀರಿಯಡ್ ಬಂದ್ರೆ ಮಾತ್ರ ನಂಗೇ ಎದೆ ಡವಡವ ಅನ್ನತ್ತೆ. ನಾನು ಓದುವಾಗ ಇಂಗ್ಲಿಷ್ ಶುರು ಆಗಿದ್ದೇ ಐದನೇ ಕ್ಲಾಸಲ್ಲಿ, ಈಗ 2007-08ರಿಂದ ಸರ್ಕಾರಿ ಶಾಲೇಲೂ ಒಂದನೇ ಕ್ಲಾಸಿಂದ್ಲೇ ಇದೆ, ಇರ್ಬೇಕು ಕೂಡ, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ನಮ್ ಮಕ್ಕಳು ಎ ಫಾರ್ ಆಪಲ್‌ನಿಂದ ಝಡ್ ಫಾರ್ ಝೀಬ್ರಾವರೆಗೆ ಒಂದೇ ಉಸಿರಲ್ಲಿ ಹೇಳ್ತಾರೆ, 'ಬ್ರಿಂಗ್ ದ ಬಾಲ್' ಅಂದ್ರೆ ಸುಮ್ನೆ ನನ್ನ ಮುಖ ನೋಡ್ತಾರೆ.

ಹೋದ ತಿಂಗಳು ಪೇಟೆಗೆ ಹೋಗಿ ನಾಲ್ಕು ಪುಸ್ತಕ ತಂದೆ, ನಾಲ್ಕೂ ಮಕ್ಕಳು ಬರೆಯೋ ವರ್ಕ್‌ಬುಕ್ಕೇ, ಚುಕ್ಕಿ ಮೇಲೆ ತಿದ್ದೋದು, ಬಿಟ್ಟ ಜಾಗ ತುಂಬೋದು. ನಂಗೆ ಬೇಕಾಗಿರೋದು ನಾನು ಓದಿ ನಾಳೆ ಕ್ಲಾಸಲ್ಲಿ ಏನು ಮಾಡ್ಬೇಕು, ಹೇಗೆ ಮಾತಾಡ್ಬೇಕು ಅಂತ ಗೊತ್ತಾಗೋ ಪುಸ್ತಕ. ಅಂಥದ್ದಿದ್ರೆ ಹೇಳಿ, ಉಪಕಾರ ಆಗತ್ತೆ.

ಮೈಸೂರು_ನಿವೃತ್ತ_ಮೇಡಂ

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿ ಆಯ್ತಮ್ಮ. ಪುಸ್ತಕ ಮಕ್ಕಳಿಗಲ್ಲ ನಂಗೆ ಬೇಕು ಅಂದ್ರಲ್ಲ, ಅಲ್ಲೇ ಅರ್ಧ ಕೆಲಸ ಆಗೋಯ್ತು.

ಆಕ್ಸ್‌ಫರ್ಡ್‌ನವರದ್ದು ಟೀಚರ್‌ಗಳಿಗೆ ಅಂತಾನೇ ಒಂದು ಸರಣಿ ಇದೆ, ರಿಸೋರ್ಸ್ ಬುಕ್ಸ್ ಫಾರ್ ಟೀಚರ್ಸ್ ಅಂತ. ಅದ್ರಲ್ಲಿ ಸಾರಾ ಫಿಲಿಪ್ಸ್ ಬರೆದಿರೋ 'ಯಂಗ್ ಲರ್ನರ್ಸ್' (1993) ನಿಮಗೆ ಸರಿಯಾಗತ್ತೆ. 'ವೆರಿ ಯಂಗ್ ಲರ್ನರ್ಸ್' ಅಂತ ಇನ್ನೊಂದಿದೆ, ಅದು ಮೂರರಿಂದ ಆರು ವರ್ಷದವರಿಗೆ, ಆದ್ರೂ ನಿಮ್ಮ ಒಂದನೇ ಕ್ಲಾಸಿಗೆ ಧಾರಾಳವಾಗಿ ಬಳಸ್ಬಹುದು, ಯಾಕಂದ್ರೆ ಇಂಗ್ಲಿಷ್ ಮಟ್ಟಿಗೆ ನಮ್ಮ ಮಕ್ಕಳೂ ಆಗ್ತಾನೇ ಶುರು ಮಾಡಿರ್ತಾರಲ್ಲ. ಈ ಪುಸ್ತಕಗಳಲ್ಲಿ ಪಾಠ ಅಂತ ಇರಲ್ಲ, ಒಂದೊಂದೂ ಚಟುವಟಿಕೆ. ಯಾವ ವಯಸ್ಸಿಗೆ, ಎಷ್ಟು ನಿಮಿಷ, ಏನೇನು ಸಾಮಾನು ಬೇಕು, ಮೊದ್ಲು ಏನು ರೆಡಿ ಮಾಡ್ಕೋಬೇಕು, ಕ್ಲಾಸಲ್ಲಿ ಹೇಗೆ ನಡೆಸ್ಬೇಕು, ಅಡುಗೆ ಪುಸ್ತಕದ ಥರ ಬರೆದಿರ್ತಾರೆ. ಓದೋಕೆ ಕಷ್ಟದ ಇಂಗ್ಲಿಷ್ ಅಲ್ಲ, ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ದಿನಕ್ಕೊಂದು ಪುಟ ಓದಿ.

ಬೋರ್ಡ್ ಮೇಲೆ ಚಿತ್ರ ಬಿಡಿಸೋಕೆ ಕೈ ಬರಲ್ಲ ಅಂದ್ರೆ ಆಂಡ್ರ್ಯೂ ರೈಟ್ ಅವರ 'ಥೌಸಂಡ್ ಪ್ಲಸ್ ಪಿಕ್ಚರ್ಸ್ ಫಾರ್ ಟೀಚರ್ಸ್ ಟು ಕಾಪಿ' ಸಿಕ್ರೆ ಬಿಡ್ಬೇಡಿ, ನಾಲ್ಕು ಗೀಟಲ್ಲಿ ಓಡೋ ಮನುಷ್ಯ, ಅಳೋ ಮಗು, ಎಲ್ಲಾ ಬಿಡಿಸ್ಬಹುದು.

ಒಂದು ಮಾತು ಮಾತ್ರ ನೆನಪಿರ್ಲಿ, ಅವು ಬೇರೆ ದೇಶದ ಮಕ್ಕಳನ್ನ ಮನಸ್ಸಲ್ಲಿಟ್ಟು ಬರೆದಿದ್ದು. ಹಿಮದ ಗೊಂಬೆ ಬಂದ್ರೆ ಗದ್ದೆಯ ಬೆರ್ಚಪ್ಪ ಮಾಡ್ಕೊಳ್ಳಿ, ಹ್ಯಾಟ್, ಶರ್ಟ್, ಸ್ಟಿಕ್ ಎಲ್ಲಾ ಪದಾನೂ ಅವನ ಮೈಮೇಲೇ ಸಿಗತ್ತೆ. ಇನ್ ಮತ್ತೆ ಔಟ್ ಕಲಿಸೋಕೆ ಪುಸ್ತಕದ ಆಟ ಯಾಕೆ, ನಮ್ಮ ಕೆರೆ-ದಡ ಆಟಾನೇ ಸಾಕು, ಗೆರೆ ಎಳೆದು 'ಇನ್ ದ ವಾಟರ್', 'ಔಟ್ ಆಫ್ ದ ವಾಟರ್' ಅಂತ ಕೂಗಿ ನೋಡಿ, ಹದಿನೈದು ನಿಮಿಷ ಮಕ್ಕಳು ಇಂಗ್ಲಿಷ್ ಕೇಳ್ಕೊಂಡೇ ಹಾರ್ತಾರೆ. ಬಾಯಲ್ಲಿ ಹೇಳ್ಲೇಬೇಕು ಅಂತ ಮೊದಲ ದಿನಾನೇ ಒತ್ತಾಯ ಮಾಡ್ಬೇಡಿ. ಕೇಳಿ, ಅದಕ್ಕೆ ತಕ್ಕ ಹಾಗೆ ಮಾಡಿದ್ರೆ ಅರ್ಥ ಆಗಿದೆ ಅಂತಾನೇ.

ಧಾರವಾಡ_ಸಾಲಿ_ಮಾಸ್ತರ

ಮೇಡಂ ಅವ್ರು ಹೇಳಿದ್ದು ಖರೇ ಐತ್ರಿ, ಆ ಪುಸ್ತಕ ಛಲೋ ಅದಾವು. ಆದ್ರ ಹೊರಗಿನ ಪುಸ್ತಕಕ್ಕ ರೊಕ್ಕ ಭಾಳ ಬೀಳ್ತೈತಿ, ಅದಕ್ಕ ಖರೀದಿ ಮಾಡೂಕಿಂತ ಮೊದಲ ನಿಮ್ಮ ಡಯಟ್ (ಜಿಲ್ಲಾದ ಶಿಕ್ಷಕರ ತರಬೇತಿ ಸಂಸ್ಥೆ) ಲೈಬ್ರರ್‍ಯಾಗ ಒಮ್ಮೆ ಕೇಳ್ರಿ. ಇನ್ನೊಂದು, ಬೆಂಗಳೂರು ಜ್ಞಾನಭಾರತಿಯೊಳಗ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಐತಲ್ರಿ, ಅಲ್ಲಿ 30 ದಿನದ ತರಬೇತಿ ಇರ್ತೈತಿ. ನಾ ಹೋಗಿ ಬಂದೇನಿ. ಪುಸ್ತಕಕ್ಕಿಂತ ನಂಗ ಉಪಯೋಗ ಆಗಿದ್ದು ಅಲ್ಲಿ ದಿನಾ ಬಾಯಿ ಬಿಟ್ಟು ಮಾತಾಡಿದ್ದು, ಬಂದ ಮ್ಯಾಲೆ ಅಂಜಿಕಿ ಹೋತು. ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಕಡೆ ಹೆಸರು ಕೊಟ್ಟು ಇಡ್ರಿ.

ನಾ ಸ್ವಲ್ಪ ಬ್ಯಾರೆ ಹೇಳೂದು ಅಂದ್ರ ಅಕ್ಷರದ ಸಪ್ಪಳದ ಬಗ್ಗೆ. ನಮ್ಮ ಹುಡುಗೂರು ಕನ್ನಡ ಓದಿ ಬಂದಿರ್ತಾವು, ಅವಕ್ಕ ಕ ಅಂದ್ರ 'ಕ' ಪೂರಾ, ಒಳಗ ಅ ಸೇರೇ ಇರ್ತೈತಿ. ಅದಕ್ಕ ಕ್ಯಾಟ್ ಅನ್ನೂದನ್ನ 'ಕ, ಆ, ಟ' ಅಂತ ಬಿಡಿಸಿ ಕೂಡಿಸಿದ್ರ 'ಕಾಟ' ಆಗ್ತೈತಿ, ಕ್ಯಾಟ್ ಆಗಂಗಿಲ್ಲ. ಬಸ್ಸು, ಬುಕ್ಕು ಅಂತ ಕೊನಿಗೆ ಉ ಹಚ್ತಾವು, ಎಗ್ ಅನ್ನಾಕ ಯೆಗ್ ಅಂತಾವು. ಇದು ಹುಡುಗೂರ ತಪ್ಪಲ್ಲ, ನಮ್ಮ ಭಾಷಾದ ರೂಢಿ. ಈ ಮಾತು ಹೊರಗಿನ ಫೋನಿಕ್ಸ್ (ಅಕ್ಷರದ ಸಪ್ಪಳ ಕಲಿಸೂ) ಪುಸ್ತಕದಾಗ ಸಿಗಂಗಿಲ್ರಿ. ನಾ ಏನ್ ಮಾಡ್ತೀನಿ ಅಂದ್ರ ಕ ಅಲ್ಲ 'ಕ್' ಅಂತ ಅರ್ಧ ಅಕ್ಷರ ಬರದು ತೋರಿಸ್ತೀನಿ, ಒತ್ತಕ್ಷರ ಗೊತ್ತಿದ್ದ ಹುಡುಗೂರಿಗೆ ಥಟ್ಟನೆ ತಿಳೀತೈತಿ. ಅದಕ್ಕ ಒಂದನೇ ಕ್ಲಾಸಿನಿಂದ್ಲೇ ಸಪ್ಪಳ ಶುರು ಮಾಡ್ರಿ ಅಂತೀನಿ ನಾ.

ಮೈಸೂರು_ನಿವೃತ್ತ_ಮೇಡಂ

ಮಾಸ್ತರೇ, ಅರ್ಧಾಕ್ಷರದ ಉಪಾಯ ಬಹಳ ಚೆನ್ನಾಗಿದೆ, ನಂಗೆ ಹೊಳೆದಿರ್ಲಿಲ್ಲ. ಆದ್ರೆ ಒಂದನೇ ಕ್ಲಾಸಲ್ಲೇ ಅಂದ್ರೆ ನಾನು ಒಪ್ಪಲ್ಲ. ಕ್ಯಾಟ್ ಅನ್ನೋ ಪದಾನ ಹತ್ತು ಕಥೇಲಿ, ಹತ್ತು ಆಟದಲ್ಲಿ ಕೇಳದೇ ಇರೋ ಮಗುಗೆ ಕ್, ಆ್ಯ, ಟ್ ಅಂತ ಒಡೆದು ಕೊಟ್ರೆ ಅದು ಇನ್ನೊಂದು ಬಾಯಿಪಾಠ ಅಷ್ಟೇ. ಒಂದು ವರ್ಷ ಕಿವಿ ತುಂಬ್ಲಿ, ಎರಡನೇ ಕ್ಲಾಸಲ್ಲಿ ನಿಮ್ಮ ಕ್ರಮ ಶುರು ಮಾಡೋಣ.

ಇದು ಹೊರಗಿಂದ ಬಂದ ವಿಚಾರ ಮಾತ್ರ ಅಂತ ಅಂದ್ಕೋಬೇಡಿ. 1979ರಿಂದ 84ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಾನೇ ಹೆಸರು. ವ್ಯಾಕರಣ ಕಲಿಸದೇ ಮಕ್ಕಳಿಗೆ ಮ್ಯಾಪು, ರೈಲಿನ ಟೈಮ್‌ಟೇಬಲ್ಲು ಇಂಥದ್ದು ಕೊಟ್ಟು ಇಂಗ್ಲಿಷಲ್ಲಿ ಪ್ರಶ್ನೆ ಬಿಡಿಸೋಕೆ ಹೇಳಿದ್ರು, ಮಕ್ಕಳ ಗಮನ ಉತ್ತರದ ಮೇಲಿದ್ರೆ ಭಾಷೆ ಅದ್ರ ಜೊತೆಗೇ ಬರತ್ತೆ ಅನ್ನೋದು ಅವರ ನಂಬಿಕೆ.

ಬೆಂಗಳೂರು_ಓದುಗಮ್ಮ

ನಾನು ಟೀಚರ್ ಅಲ್ಲ, ಶನಿವಾರ ಮನೆ ಹತ್ರದ ಸರ್ಕಾರಿ ಶಾಲೇಲಿ ಕಥೆ ಓದೋಕೆ ಹೋಗ್ತೀನಿ ಅಷ್ಟೇ, ಅದಕ್ಕೆ ಕಥೆ ಪುಸ್ತಕದ ಬಗ್ಗೆ ಮಾತ್ರ ಹೇಳ್ತೀನಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆಯಲ್ಲ, ಅದ್ರಲ್ಲಿ ಕಥೆ ಎಲ್ಲಾ ಫ್ರೀ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಬಹುದು, ಯಾರ ಅನುಮತೀನೂ ಕೇಳ್ಬೇಕಾಗಿಲ್ಲ. ಲೆವೆಲ್ ಒಂದರಿಂದ ನಾಲ್ಕರ ತನಕ ಇದೆ. ಎಷ್ಟೋ ಕಥೆ ಕನ್ನಡದಲ್ಲೂ ಇದೆ, ಇಂಗ್ಲಿಷಲ್ಲೂ ಇದೆ. ನಾನು ಮೊದಲ ವಾರ ಕನ್ನಡದಲ್ಲಿ ಓದ್ತೀನಿ, ಮುಂದಿನ ವಾರ ಅದೇ ಚಿತ್ರ ತೋರಿಸಿ ಇಂಗ್ಲಿಷಲ್ಲಿ. ಕಥೆ ಮೊದ್ಲೇ ಗೊತ್ತಿರೋದ್ರಿಂದ ಮಕ್ಕಳು ಹೆದರಲ್ಲ, ಮುಂದಿಂದು ನಾನು ಹೇಳೋಕೆ ಮುಂಚೆ ಅವರೇ ಇಂಗ್ಲಿಷಲ್ಲಿ ಒಂದೊಂದು ಪದ ಕೂಗ್ತಾರೆ. ಚೆನ್ನೈನ ತೂಲಿಕಾ ಪ್ರಕಾಶನದವರು ಒಂದೇ ಪುಟದಲ್ಲಿ ಕನ್ನಡ-ಇಂಗ್ಲಿಷ್ ಎರಡೂ ಇರೋ ಚಿತ್ರ ಪುಸ್ತಕ ಮಾಡಿದ್ದಾರೆ, ಅದನ್ನ ಕಾಸು ಕೊಟ್ಟು ಕೊಂಡ್ರೂ ವ್ಯರ್ಥ ಅಲ್ಲ. ಶುರುಗೆ ಲೆವೆಲ್ ಒಂದೇ ಆರಿಸ್ಕೊಳ್ಳಿ, ನಾನು ಆಸೆಪಟ್ಟು ಮೂರನೇ ಲೆವೆಲ್ ಓದಿದ ದಿನ ಅರ್ಧದಲ್ಲೇ ಮಕ್ಕಳ ಕಣ್ಣು ಕಿಟಕಿ ಕಡೆ ಹೋಗಿತ್ತು.

ಮಲೆನಾಡು_ಟೀಚರ್

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಕೆರೆ-ದಡ ಇವತ್ತೇ ಆಡಿಸ್ದೆ ಮೇಡಂ, ಅಂಗಳದಲ್ಲಿ ಮಳೆ ನೀರಿತ್ತು ಅಂತ ಜಗಲಿ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು. ಒಂದನೇ ಕ್ಲಾಸಿನ ಒಬ್ಬಳು, ಇಲ್ಲಿವರೆಗೆ ಇಂಗ್ಲಿಷ್ ಪೀರಿಯಡಲ್ಲಿ ಬಾಯೇ ಬಿಡ್ದವಳು, ತಾನೇ ಮುಂದೆ ಬಂದು ನನ್ನ ಜಾಗದಲ್ಲಿ ನಿಂತು 'ಇನ್! ಔಟ್!' ಅಂತ ಆಟ ನಡೆಸಿದ್ಲು. ನಂಗೆ ಕಣ್ಣಲ್ಲಿ ನೀರು ಬಂತು.

ಇನ್ನೊಂದು ಕೇಳ್ಲಾ? ಕ್ಲಾಸಲ್ಲಿ ನಡುನಡುವೆ ಕನ್ನಡ ಮಾತಾಡ್ಬಹುದಾ? ಪೂರ್ತಿ ಇಂಗ್ಲಿಷಲ್ಲೇ ಇರ್ಬೇಕು ಅಂತ ಒಂದು ಮೀಟಿಂಗಲ್ಲಿ ಹೇಳಿದ್ರು, ಅದಕ್ಕೇ ನಾನು ಹೆದರಿ ಮಾತೇ ಕಮ್ಮಿ ಮಾಡ್ಬಿಟ್ಟಿದ್ದೆ.

ಧಾರವಾಡ_ಸಾಲಿ_ಮಾಸ್ತರ

ಮಾತಾಡ್ರಿ ಟೀಚರ್ರ, ಧೈರ್ಯಲೆ ಮಾತಾಡ್ರಿ. ಆಟದ ನಿಯಮ ಕನ್ನಡದಾಗ ಹೇಳ್ರಿ, ಆಟ ಇಂಗ್ಲಿಷಿನಾಗ ಆಡ್ಸ್ರಿ. ದಿನಾ ಬರೂ ಮಾತು, ಕಮ್ ಹಿಯರ್, ಸಿಟ್ ಇನ್ ಎ ಸರ್ಕಲ್, ಓಪನ್ ದ ಡೋರ್, ವಾಷ್ ಯುವರ್ ಹ್ಯಾಂಡ್ಸ್, ಇಂಥಾವು ಒಂದು ಹತ್ತು ಆರಿಸಿ ಯಾವಾಗ್ಲೂ ಇಂಗ್ಲಿಷಿನಾಗ ಅನ್ರಿ, ಬಿಸಿಯೂಟದ ಹೊತ್ತಿನ್ಯಾಗೂ ಸೈತ. ಆ ಹತ್ತು ರೂಢಿ ಆದ ಮ್ಯಾಲೆ ಇನ್ನ ಹತ್ತು ತಗೋರಿ.

ಮೈಸೂರು_ನಿವೃತ್ತ_ಮೇಡಂ

ಮಾಸ್ತರು ಹೇಳಿದ್ದೇ ಸರಿ. ನನ್ನ ಹತ್ರ 'ಯಂಗ್ ಲರ್ನರ್ಸ್' ಎರಡು ಪ್ರತಿ ಇದೆ ಟೀಚರ್, ಒಂದು ನಿಮಗೆ ಕಳಿಸ್ತೀನಿ. ಶಾಲೆ ವಿಳಾಸ ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿ.