‘ಕಡಿತಗೊಳಿಸಲಾಗದ ವೆಚ್ಚ’: ಇದಕ್ಕಿಂತ ಒಳ್ಳೆಯ ಮಾತು ಇದೆಯೇ?

ನಮಸ್ಕಾರ.

ಕಂಪನಿಗಳಲ್ಲಿ ಲೆಕ್ಕ ಬರೆಯುವವರಿಗಾಗಿ ಆದಾಯ ತೆರಿಗೆಯ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ‘ನಾನ್-ಡಿಡಕ್ಟಿಬಲ್ ಎಕ್ಸ್‌ಪೆನ್ಸ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಕಂಪನಿ ನಿಜವಾಗಿ ಮಾಡಿದ ಖರ್ಚು ಅದು. ಲೆಕ್ಕದ ಪುಸ್ತಕದಲ್ಲೂ ಇದೆ. ಆದರೆ ತೆರಿಗೆಯ ಲಾಭ ಲೆಕ್ಕ ಹಾಕುವಾಗ ಅದನ್ನು ಕಳೆಯುವಂತಿಲ್ಲ.

ಮೊದಲು ‘ಕಡಿತಗೊಳಿಸಲಾಗದ ವೆಚ್ಚ’ ಎಂದು ಬರೆದೆ. ಓದಿದ ಒಬ್ಬರು, ‘ಬಾಡಿಗೆಯ ಥರ, ಕಡಿಮೆ ಮಾಡೋಕೆ ಆಗದ ಖರ್ಚಾ?’ ಎಂದು ಕೇಳಿದರು. ಅವರ ತಪ್ಪೇನಿಲ್ಲ. ವೆಚ್ಚ ಕಡಿತ ಅಂದರೆ ನಮಗೆ ಖರ್ಚು ತಗ್ಗಿಸುವುದೇ. ಸಂಬಳದಲ್ಲಿ ತೆರಿಗೆ ಹಿಡಿದುಕೊಳ್ಳುವುದಕ್ಕೂ ಕಡಿತ ಎಂದೇ ಹೇಳುತ್ತೇವೆ. ‘ವಿನಾಯಿತಿ’ ಆದಾಯಕ್ಕೆ ಸಿಗುವಂಥದ್ದು, ಇಲ್ಲಿಗೆ ಹೊಂದುವುದಿಲ್ಲ. ‘ಲೆಕ್ಕಕ್ಕೆ ಬಾರದ ಖರ್ಚು’ ಅಂತೂ ಬೇಡವೇ ಬೇಡ. ಪುಸ್ತಕದಲ್ಲಿ ಬರೆಯದೆ ಮುಚ್ಚಿಟ್ಟ ಖರ್ಚು ಅನ್ನಿಸುತ್ತದೆ.

ಇನ್ನು ‘ಅಮಾನ್ಯ ವೆಚ್ಚ’. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಈ ಪದ ಕೇಳಿದವರು ಖರ್ಚೇ ತಪ್ಪು ಅಂದುಕೊಳ್ಳುತ್ತಾರೆ. ‘ಹಾಗಾದರೆ ದಂಡ ಕಟ್ಟಿದ್ದನ್ನು ಪುಸ್ತಕದಲ್ಲಿ ಬರೆಯಲೇಬಾರದು ಅಲ್ವಾ?’ ಎಂದು ಅನುಭವ ಇರುವ ಲೆಕ್ಕಿಗರೇ ಕೇಳಿದ್ದುಂಟು. ಬರೆಯಲೇಬೇಕು. ದಂಡ 5 ಕಳೆದ ಮೇಲೆ ಪುಸ್ತಕದ ಲಾಭ 100 ಬಂತು ಅನ್ನಿ. ದಂಡ ಕಳೆಯಲು ಕಾನೂನು ಬಿಡದಿದ್ದರೆ ಆ 5ನ್ನು ಮರಳಿ ಸೇರಿಸಿ 105ರ ಮೇಲೆ ತೆರಿಗೆ ಹಾಕುತ್ತಾರೆ. ದರ ಶೇ. 25 ಇದ್ದರೆ ತೆರಿಗೆ 25 ಅಲ್ಲ, 26.25. ಪುಸ್ತಕದ ಲಾಭ ಮಾತ್ರ 100 ಆಗಿಯೇ ಉಳಿಯುತ್ತದೆ.

ತೆರಿಗೆಯಲ್ಲಿ ಕಳೆಯಬಹುದೇ ಅನ್ನುವುದೂ ಖರ್ಚು ಸರಿಯೇ ಅನ್ನುವುದೂ ಬೇರೆ ಬೇರೆ ಪ್ರಶ್ನೆ. ಅತಿಥಿ ಸತ್ಕಾರ ತಪ್ಪು ಕೆಲಸವಲ್ಲ, ಆದರೂ ಅದರ ಖರ್ಚನ್ನು ಪೂರ್ತಿ ಕಳೆಯಲು ಬಿಡದ ದೇಶಗಳಿವೆ. ಇದರ ಉಲ್ಟಾ ಕೂಡ ನಡೆದಿದೆ. ಒಂದು ಕಾಲಕ್ಕೆ ಕೆಲವು ದೇಶಗಳಲ್ಲಿ ವಿದೇಶಿ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನೂ ಲಾಭದಿಂದ ಕಳೆಯಬಹುದಿತ್ತು! ಅದನ್ನು ಮರುಪರಿಶೀಲಿಸಿ ಎಂದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ತನ್ನ ಸದಸ್ಯ ದೇಶಗಳಿಗೆ ಹೇಳಿದ್ದು 1996ರಲ್ಲಿ. ಅದಕ್ಕೇ, ಖರ್ಚಿಗೆ ಸುಮ್ನೆ ಕಳಂಕ ಹಚ್ಚದ ಪದ ಬೇಕು ಅನ್ನುತ್ತಿದ್ದೇನೆ.

ಹಳೆಯ ಲೆಕ್ಕದ ಮಾತಿನಲ್ಲಿ ‘ವಜಾ’ ಇದೆ. ಜಮೆಯಿಂದ ಇಷ್ಟು ವಜಾ ಮಾಡಿ ಎಂದರೆ ಕಳೆಯಿರಿ ಎಂದೇ ಅರ್ಥ. ನನಗೆ ಬಹಳ ಇಷ್ಟದ ಪದ. ಆದರೆ ಈಗ ವಜಾ ಅಂದ ಕೂಡಲೇ ಕೆಲಸದಿಂದ ತೆಗೆಯುವುದು, ಅರ್ಜಿ ತಳ್ಳಿಹಾಕುವುದು ನೆನಪಾಗುತ್ತದೆ.

ಸದ್ಯಕ್ಕೆ ‘ತೆರಿಗೆಗೆ ಸಲ್ಲದ ಖರ್ಚು’ ಎಂದು ಬರೆದುಕೊಂಡಿದ್ದೇನೆ. ಸಲ್ಲದ ನಾಣ್ಯ ಅನ್ನುತ್ತೇವಲ್ಲ, ಆ ‘ಸಲ್ಲು’. ನಾಣ್ಯ ಒಂದು ಕಡೆ ಸಂದು ಇನ್ನೊಂದು ಕಡೆ ಸಲ್ಲದೆ ಇರಬಹುದು. ಈ ಖರ್ಚೂ ಹಾಗೆಯೇ, ಪುಸ್ತಕದಲ್ಲಿ ಸಲ್ಲುತ್ತದೆ, ತೆರಿಗೆಯಲ್ಲಿ ಸಲ್ಲದು. ‘ತೆರಿಗೆಗೆ’ ಅನ್ನುವುದನ್ನು ಮಾತ್ರ ಬಿಡಬಾರದು. ಬರೀ ‘ಸಲ್ಲದ ಖರ್ಚು’ ಅಂದರೆ ‘ಸಲ್ಲದ ಮಾತು’ ಅಂದ ಹಾಗೆ ಮತ್ತೆ ಬೈಗುಳವೇ ಆಗುತ್ತದೆ.

ಈ ಪದದಿಂದ ಇನ್ನೊಂದು ಅನುಕೂಲವೂ ಆಯಿತು. ಲೆಕ್ಕಿಗರು ಎಡವುವ ಮತ್ತೊಂದು ಜಾಗ ಇದೆ: ಎಂದೂ ಕಳೆಯಲಾಗದ ಖರ್ಚು ಮತ್ತು ಈ ವರ್ಷ ಮಾತ್ರ ಕಳೆಯಲಾಗದ ಖರ್ಚು. ಆದಾಯ ತೆರಿಗೆ ಕಟ್ಟಿದ ಹಣವನ್ನೇ ಖರ್ಚೆಂದು ಕಳೆಯಲು ಸಾಮಾನ್ಯವಾಗಿ ಎಂದೂ ಬಿಡುವುದಿಲ್ಲ. ಬಾರದ ಸಾಲಕ್ಕೆಂದು ಮೊದಲೇ ತೆಗೆದಿಟ್ಟ ಮೊತ್ತ ಹಾಗಲ್ಲ. ಹಲವು ಕಡೆ ಈಗ ಅದು ನಡೆಯದು, ಸಾಲ ನಿಜವಾಗಿ ಮುಳುಗಿದಾಗ ನಡೆಯುತ್ತದೆ. ಹಾಗೆ ಕಳೆದಾಗ ಮುಂದೆ ಉಳಿತಾಯವಾಗುವ ತೆರಿಗೆಗೆ ಪುಸ್ತಕದಲ್ಲಿ ಬೇರೆಯೇ ಲೆಕ್ಕ ಇಡಬೇಕಾಗುತ್ತದೆ. ಮೊದಲನೆಯದು ‘ಎಂದೂ ಸಲ್ಲದ’, ಎರಡನೆಯದು ‘ಇನ್ನೂ ಸಲ್ಲದ’ ಎಂದರೆ ಗೊತ್ತಾಗುತ್ತದಾ?

‘ವಜಾ’ ಪದವನ್ನು ಕಳೆಯುವ ಅರ್ಥದಲ್ಲಿ ಈಗಲೂ ಬಳಸುವವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಹೇಳಿ. ಇದ್ದರೆ ‘ವಜಾ ಸಿಗದ ಖರ್ಚು’ ಎಂದು ಬರೆಯಲು ನನಗೆ ಇನ್ನೂ ಆಸೆ ಇದೆ.