‘ತಬ್ಬಲಿ’ ಅಂದರೆ ತಾಯಿ ಇಲ್ಲದವನೋ, ಯಾರೂ ಇಲ್ಲದವನೋ?

ಗೆಳೆಯರೇ, ಒಂದು ವಾರದಿಂದ ಈ ಪದ ತಲೆಯಲ್ಲೇ ಕೂತಿದೆ. ಹುಬ್ಬಳ್ಳಿಯಲ್ಲಿ ಎರಡನೆಯ ತರಗತಿ ಓದುವ ನನ್ನ ತಂಗಿಯ ಮಗಳು ಗೋವಿನ ಹಾಡು ಬಾಯಿಪಾಠ ಮಾಡುತ್ತಿದ್ದಳು. ಈ ಚರಣಕ್ಕೆ ಬಂದು ನಿಂತಳು:

ತಬ್ಬಲಿಯು ನೀನಾದೆ ಮಗನೆ
ಹೆಬ್ಬುಲಿಯ ಬಾಯನ್ನು ಹೊಗುವೆನು
ಇಬ್ಬರ ಋಣ ತೀರಿತೆಂದು
ತಬ್ಬಿಕೊಂಡಿತು ಕಂದನ

‘ಮಾಮಾ, ಹೆಬ್ಬುಲಿ ಅಂದ್ರ ದೊಡ್ಡ ಹುಲಿ. ಹಂಗಾರ ತಬ್ಬಲಿ ಅಂದ್ರ ಸಣ್ಣ ಹುಲಿ ಏನು?’

ನನಗೆ ನಗು ಬರಲಿಲ್ಲ. ಕೂಸಿನ ಕಿವಿ ಚುರುಕಾಗಿದೆ ಅನ್ನಿಸಿತು. ಹಿರಿದು ಹುಲಿ ಹೆಬ್ಬುಲಿ ಆಗುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಮೇಲಿನ ಸಾಲಿಗೂ ಅದೇ ಲೆಕ್ಕ ಹಚ್ಚಿದ್ದಾಳೆ. ‘ತಾಯಿ ಇಲ್ಲದ ಕೂಸು’ ಅಂತ ನಾನು ಹೇಳಿದೆ. ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವ, ‘ಪರದೇಶಿ ಅನ್ನು, ಲಗೂನ ತಿಳೀತದ ಅಕಿಗೆ’ ಅಂದಳು.

ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ನಮ್ಮ ಕಡೆ, ಅಂದರೆ ಧಾರವಾಡ, ಹಾವೇರಿ, ಗದಗ ಕಡೆ, ದಿನದ ಮಾತಿನಲ್ಲಿ ತಬ್ಬಲಿ ಅನ್ನುವುದನ್ನು ನಾನು ಕೇಳಿಯೇ ಇಲ್ಲ. ಪೇಪರಿನಲ್ಲಿ ಓದಿದ್ದೇನೆ, ದೊಡ್ಡ ಬರಹಗಾರರು ತೀರಿಕೊಂಡರೆ ‘ಸಾಹಿತ್ಯ ಲೋಕ ತಬ್ಬಲಿ’ ಅಂತ ಹಾಕುತ್ತಾರೆ. ಆದರೆ ಮನೆಯಲ್ಲಿ, ಓಣಿಯಲ್ಲಿ ನಾವು ಅನ್ನುವುದು ಪರದೇಶಿ. ಮೂಲದಲ್ಲಿ ಅದು ಬೇರೆ ದೇಶದವ ಅಂತ, ನಮ್ಮ ಬಾಯಲ್ಲಿ ಅನಾಥ ಅಂತ. ‘ಪಾಪ, ಪರದೇಶಿ ಆತು ಕೂಸು’ ಅಂದರೆ ಕನಿಕರ, ‘ಪರದೇಶಿಗತೆ ಯಾಕ ಕುಂತಿ?’ ಅಂದರೆ ಸಿಟ್ಟು. ಹೇಗೆ ಅಂದರೂ ಅದರಲ್ಲಿ ತನ್ನವರು ಅನ್ನುವವರು ಯಾರೂ ಇಲ್ಲ ಅನ್ನುವ ಅರ್ಥ ಇದೆ. ಅಪ್ಪ ಇದ್ದು, ಅಜ್ಜಿ ಇದ್ದು, ಅವ್ವ ಮಾತ್ರ ತೀರಿಕೊಂಡ ಕೂಸಿಗೆ ನಮ್ಮ ಊರಲ್ಲಿ ಪರದೇಶಿ ಅನ್ನುವುದಿಲ್ಲ. ಅಂದರೆ ಬೈಸಿಕೊಳ್ಳಬೇಕಾಗುತ್ತದೆ.

ಹಾಡಿನ ಕರುವಿಗಂತೂ ಪೂರಾ ಒಂದು ದೊಡ್ಡಿ ಇದೆ. ಪುಣ್ಯಕೋಟಿ ಅಕ್ಕತಂಗಿಯರನ್ನು ಕರೆದು ಕರುವನ್ನು ಒಪ್ಪಿಸುತ್ತಾಳೆ: ‘ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ.’ ಈ ‘ಹಾಯು’ ನಮ್ಮಲ್ಲಿ ಇನ್ನೂ ಜೀವಂತ ಇದೆ, ಹಾಯುವ ಎಮ್ಮೆಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ. ಈ ಸಾಲಿನ ಬೆಲೆ ನನಗೆ ಗೊತ್ತಾಗಿದ್ದು ಹಾವೇರಿ ಹತ್ತಿರದ ನಮ್ಮ ಸೋದರಮಾವನ ದನದ ಮನೆಯಲ್ಲಿ. ಈದ ಮೂರನೇ ದಿನಕ್ಕೆ ಒಂದು ಆಕಳು ಸತ್ತಿತ್ತು. ಮಾವ ಅದರ ಕರುವನ್ನು ಇನ್ನೊಂದು ಆಕಳ ಹತ್ತಿರ ಒಯ್ದ. ಕರು ಗೋದಲಿ ಕಡೆಯಿಂದ ಹೋದರೆ ಆಕಳು ತಲೆ ತಗ್ಗಿಸಿ ಕೋಡು ತೋರಿಸಿತು. ಸುತ್ತು ಹಾಕಿ ಹಿಂದಿನಿಂದ ಕೆಚ್ಚಲಿಗೆ ಬಾಯಿ ಹಾಕಿದರೆ ಜಾಡಿಸಿ ಒದೆಯಿತು. ಹಾಡಿನಲ್ಲಿ ಹೇಳಿದ್ದೇ ಕಣ್ಣೆದುರು ನಡೆಯಿತು. ಈ ಹಾಡು ಕಟ್ಟಿದವರು ದನಗಳ ನಡುವೆ ಬದುಕಿದವರೇ ಅಂತ ಅವತ್ತಿನಿಂದ ನಂಬಿದ್ದೇನೆ. ಆ ಕರುವಿಗೆ ಮಾವ ತಬ್ಬಲಿ ಅನ್ನಲಿಲ್ಲ, ಪರದೇಶಿ ಅಂತಲೂ ಅನ್ನಲಿಲ್ಲ. ‘ತಾಯಿ ಸತ್ತ ಕರ’ ಅಂದ, ಅಷ್ಟೇ.

ಇನ್ನು ‘ನೀನಾದೆ’. ಆಗುವೆ ಅಲ್ಲ, ಆದೆ. ತಾಯಿ ಇನ್ನೂ ಎದುರಿಗೇ ನಿಂತಿದ್ದಾಳೆ, ಮೈ ಬಿಸಿ ಇದೆ, ಆದರೂ ಕೆಲಸ ಮುಗಿದೇ ಹೋಯಿತು ಅನ್ನುವಂತೆ ಮಾತಾಡುತ್ತಾಳೆ. ಹೊರಗೆ ಯಾರಾದರೂ ಕೂಗಿದಾಗ ನಾವು ಅಡುಗೆಮನೆಯಿಂದ ಹೊರಡುವ ಮೊದಲೇ ‘ಬಂದೆ ಬಂದೆ’ ಅನ್ನುತ್ತೇವಲ್ಲ, ಹಾಗೆ. ಆಡಿದ ಮಾತಿಗೆ ತಪ್ಪುವ ಯೋಚನೆಯೇ ಅವಳಿಗಿಲ್ಲ ಅನ್ನುವುದು ಈ ಒಂದು ರೂಪದಲ್ಲೇ ಗೊತ್ತಾಗುತ್ತದೆ. ಆದರೆ ನೋಡಿ, ಕಥೆಯ ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ, ತಾಯಿ ಉಳಿಯುತ್ತಾಳೆ. ಅಂದರೆ ಆ ಕರು ತಬ್ಬಲಿ ಆಗಲೇ ಇಲ್ಲ! ಹಾಡಿನಲ್ಲಿ ಆ ಪದ ಬರೀ ಭಯ.

ಅದೇ ಸಾಲನ್ನು ಹೆಸರಾಗಿ ಇಟ್ಟುಕೊಂಡ ಚಿತ್ರದಲ್ಲಿ ಹಾಗಲ್ಲ. ಭೈರಪ್ಪನವರ 1968ರ ಕಾದಂಬರಿಯನ್ನು ಬಿ.ವಿ. ಕಾರಂತರು, ಗಿರೀಶ ಕಾರ್ನಾಡರು ಸೇರಿ 1977ರಲ್ಲಿ ಚಿತ್ರ ಮಾಡಿದರು. ಹಿಂದಿಯಲ್ಲಿ ಅದು ‘ಗೋಧೂಳಿ’. ಅದೂ ಚಂದದ ಪದವೇ, ಆದರೆ ಅದರಲ್ಲಿ ಸಂಜೆ ಇದೆ, ತಾಯಿ ಇಲ್ಲ. ಹಾಡಿನ ಗೊಲ್ಲನ ಹೆಸರೇ ಇರುವ ಕಾಳಿಂಗ ಅಮೆರಿಕಕ್ಕೆ ಓದಲು ಹೋಗಿ, ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಊರಿಗೆ ಬರುತ್ತಾನೆ. ಆಕಳು ತಾಯಿ ಅನ್ನುವ ಮಾತು ಅವನಿಗೆ ಒಪ್ಪಿಗೆ ಇಲ್ಲ. ನನಗೆ ಇದು ಪುಣ್ಯಕೋಟಿ ಕಥೆಯ ಒಳ್ಳೆಯ ಚಿತ್ರರೂಪ ಅನ್ನಿಸುವುದೇ ಇದಕ್ಕೆ. ಕಥೆಯನ್ನು ಮತ್ತೆ ಹೇಳಲು ಹೋಗಿಲ್ಲ, ಆ ಒಂದು ಪದ ನಿಜವಾಗಿಬಿಟ್ಟರೆ ಏನಾಗುತ್ತದೆ ಅಂತ ಕೇಳಿದೆ. 2020ರಲ್ಲಿ ಸಂಸ್ಕೃತದಲ್ಲಿ ಬಂದ ‘ಪುಣ್ಯಕೋಟಿ’ ಅನಿಮೇಷನ್ ಮಕ್ಕಳಿಗೆ ಹಿಡಿಸುತ್ತದೆ, ಕಥೆಯೂ ಮುಟ್ಟುತ್ತದೆ. ಆದರೆ ತಬ್ಬಲಿ, ಹೆಬ್ಬುಲಿ, ಇಬ್ಬರ, ತಬ್ಬಿ ಅಂತ ನಾಲ್ಕೂ ಸಾಲಿನಲ್ಲಿ ಬರುವ ಆ ‘ಬ್ಬ’ ಕನ್ನಡ ಬಿಟ್ಟು ಹೋಗಲಾರದು.

ಹಳೆಯ ಚಿತ್ರವನ್ನು ಅವ್ವನ ಜೊತೆ ಕೂತು ಮತ್ತೆ ನೋಡಿದೆ. ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಪರದೇಶದಾಕಿ ಖರೇ ಅಕೀನ ಅದಾಳ. ಆದ್ರ ತಬ್ಬಲಿ ಆದಾಂವ ಇಂವ’ ಅಂದಳು. ವಾರದ ಹಿಂದೆ ಎರಡೂ ಒಂದೇ ಅಂದವಳು ಅವಳೇ.

ಬಲ್ಲವರು ಹೇಳಿ. ತಬ್ಬಲಿ ಅಂದರೆ ತಾಯಿ ಇಲ್ಲದವ ಅಂತಷ್ಟೇನಾ, ಅಪ್ಪ ಇಲ್ಲದಿದ್ದರೂ ಆಗುತ್ತದಾ? ಚರಣದ ಮೊದಲು ‘ತಬ್ಬಲಿ’, ಕೊನೆಗೆ ‘ತಬ್ಬಿಕೊಂಡಿತು’ ಇದೆ. ಎರಡೂ ಒಂದೇ ಬೇರಿನವಾ, ಬರೀ ಪ್ರಾಸಕ್ಕೆ ಕೂಡಿದವಾ? ‘ತಬ್ಬಲು ಯಾರೂ ಇಲ್ಲದವ’ ಅಂತ ಕೆಲವರು ಬಿಡಿಸುತ್ತಾರೆ, ಕೇಳಲು ಚಂದ, ನನಗೆ ಪೂರ್ತಿ ನಂಬಿಕೆ ಇಲ್ಲ. ಮುಖ್ಯವಾಗಿ, ತಾಯಿ ಸತ್ತ ಕರುವಿಗೆ, ಕುರಿಮರಿಗೆ ಮನೆಮಾತಿನಲ್ಲೇ ತಬ್ಬಲಿ ಅನ್ನುವ ಊರು ಯಾವುದಾದರೂ ಇದೆಯಾ? ಗದಗ, ಮುಂಡರಗಿ ಕಡೆ ಕುರಿ ಕಾಯುವವರ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ಹಿರಿಯರನ್ನು ಕೇಳಿ ಬರೆಯಿರಿ.